ಹಗೇವಿನ್ಯಾಗಿನ ಸಿಮೆಂಟು

ಮೊನ್ನೆ ನವನಗರದಾಗ ನಮ್ಮ ಮನಿ ಎದುರು ಯಾರೋ ಹೊಸಾ ಮನಿ ಕಟ್ಟಾಕ ಸುರು ಮಾಡಿದ್ರು. ಗೌಂಡಿ ಸಿಮೆಂಟಿಗೆ ನೀರು ಸುರುವಿದ ಕೂಡಲೇ ಆ ಹಸಿ ವಾಸನಿ ಬಂದು ಮೂಗಿಗೆ ಬಡೀತು ನೋಡ್ರಿ, ಕಾಯಿಪಲ್ಲೆ ಚೀಲ ಹಿಡಕೊಂಡು ಬಾಗಲದಾಗ ನಿಂತುಬಿಟ್ಟೆ. ಮಂದಿಗೆ ಸಿಮೆಂಟಿನ ವಾಸನಿ ಅಂದ್ರ ಹೊಸಾ ಮನಿ ನೆನಪಾಗತೈತಿ. ನನಗ ಅದರ ಬೆನ್ನಿಗೇ ಹಗೇವಿನ ವಾಸನಿ ಬರತೈತಿ, ಹಳೇ ಜ್ವಾಳದ್ದು, ತಂಪು ಮಣ್ಣಿಂದು. ಹಗೇವು ಅಂದ್ರ ಜ್ವಾಳ ತುಂಬಿ ಇಡಾಕ ನೆಲದಾಗ ತೋಡಿದ ಆಳವಾದ ಕುಣಿ. ಈಗಿನ ಹುಡುಗರಿಗೆ ಇದನ್ನೂ ಬಿಡಿಸಿ ಹೇಳಬೇಕು. ಹಗೇವಿನ ಹಿಂದ ನಮ್ಮ ಆಯಿ ಬರತಾಳ, ಅಪ್ಪನ ಅವ್ವ, ಸೆರಗು ಸೊಂಟಕ್ಕ ಬಿಗದು. ಆಮ್ಯಾಲೆ ಹಳೇ ಬಾಗಲಕೋಟಿಯ ನಮ್ಮ ಇಡೀ ಮನಿ ಬಂದು ಕಣ್ಣಮುಂದ ನಿಂದರತೈತಿ. ಆ ಮನಿ ಈಗ ಇಲ್ಲ. ನಿಮ್ಮೊಳಗ ಭಾಳ ಮಂದಿಯ ಮನೀನೂ ಈಗ ಇಲ್ಲ, ಅದಕ್ಕ ನಿಮ್ಮ ಮುಂದ ಹೇಳತೇನಿ.

ಎಪ್ಪತ್ತರ ದಶಕ ಮುಗಿಯೂ ಹೊತ್ತಿನ ಮಾತಿದು. ನಾವು ಬಾಡಗಿಗಿದ್ದದ್ದು ಎರಡು ಖಣದ, ಅಂದ್ರ ಎರಡೇ ಅಂಕಣದ ಮನಿ. ಅದರಾಗ ಆಯಿ, ಅಪ್ಪ, ಅವ್ವ, ಇಬ್ಬರು ಕಾಕಾಗೋಳು, ಮ್ಯಾಲೆ ನಾವು ಮಕ್ಕಳು. ಒಬ್ಬರು ಮಗ್ಗಲು ಬದಲಿಸಿದ್ರ ಎಲ್ಲಾರೂ ಬದಲಿಸಬೇಕು, ಹಂಗಿತ್ತು. ಮನಿ ಮಾಲಕ ಕೆಟ್ಟಾಂವಲ್ಲ, ಆದ್ರ ಅವನ ಮಗನ ಲಗ್ನ ನಿಕ್ಕಿ ಆಗಿತ್ತು. "ದಸರಾಕ್ಕ ಬಿಟ್ಟಕೊಡ್ರಿ ಆಯೀ, ನಮಗೂ ಜಾಗಾ ಬೇಕು" ಅಂತ ಕೈ ಮುಗದು ಹೇಳಿದ. ಅಪ್ಪ ಅರಿವಿ ಅಂಗಡ್ಯಾಗ ಗುಮಾಸ್ತ. ಇನ್ನೊಂದು ಬಾಡಗಿ ಮನಿಗೆ ಓಣಿ ಓಣಿ ತಿರುಗಿ ಚಪ್ಪಲಿ ಸವಿಸಿದ, ಸಿಗಲಿಲ್ಲ. ಕಡೀಕ ಆಯಿ ತನ್ನ ಕೈಯಾಗಿನ ಬಂಗಾರದ ಪಾಟ್ಲಿ ಬಿಚ್ಚಿಕೊಟ್ಟು ಹೊಳಿ ಕಡೆ ಓಣಿಯೊಳಗ ಒಂದು ಬಿದ್ದ ಮನಿ ತಗೊಂಡ್ಲು. ಗ್ವಾಡಿ ನಿಂತಿದ್ವು, ತಲಿ ಮ್ಯಾಲೆ ಮಾಳಿಗಿ ಇರಲಿಲ್ಲ, ಅಂಗಳದಾಗ ಒಂದು ಹಗೇವಿತ್ತು. "ಮಣ್ಣಿನ ಮಾಳಿಗಿ ಸೋರೂದು ನೋಡಿ ನೋಡಿ ಸಾಕಾಗೇತಿ. ನನ್ನ ಮನಿಗೆ ಸ್ಲ್ಯಾಬೇ ಆಗಬೇಕು" ಅಂತ ಹಟ ಹಿಡದ್ಲು.

ಸ್ಲ್ಯಾಬ್ ಅಂದ್ರ ಸಿಮೆಂಟು, ಸಿಮೆಂಟ್ ಅಂದ್ರ ಪರ್ಮಿಟ್ಟು. ಚಂದ ನೋಡ್ರಿ, ಊರ ಮಗ್ಗಲದಾಗೇ ಸಿಮೆಂಟ್ ಕಾರ್ಖಾನಿ, ಅದರ ಹೊಗಿ ನಮ್ಮ ಅಂಗಳಕ್ಕ ಕಾಣತಿತ್ತು. ಒಂದು ಚೀಲ ಬೇಕಂದ್ರ ಮಾತ್ರ ಸರಕಾರದ ಚೀಟಿ ಬೇಕು. ಅಪ್ಪ ಅಂಗಡಿ ಬಿಟ್ಟು ತಹಶೀಲ್ದಾರ ಕಚೇರಿ ಬಾಗಲದಾಗ ಕುಂತು ಕುಂತು ಅಲ್ಲಿಯ ಜವಾನಗ ಬೀಗನಂಗ ಆಗಿಬಿಟ್ಟಿದ್ದ. ಬ್ಯಾಸಗಿಯೊಳಗ ಹತ್ತು ಚೀಲ ಸಿಕ್ವು, ಉಳಿದದ್ದು ಆಮ್ಯಾಲೆ ಅಂದ್ರು. ಚಕ್ಕಡಿ ಬಂದು ನಿಂತಾಗ ಆಯಿ ಸಿಮೆಂಟ್ ಚೀಲಕ್ಕ ಆರತಿ ಬೆಳಗಿದ್ಲು! "ನಾ ಈ ಮನಿಗೆ ಸೊಸಿಯಾಗಿ ಬಂದಾಗೂ ನಮ್ಮತ್ತಿ ಇಷ್ಟು ಖುಷಿ ಪಡಲಿಲ್ಲ" ಅಂತ ಅವ್ವ ಕಡೀತನಾ ಆಡಿಕೊಂಡ್ಲು.

ಗೌಂಡಿ ಹುಸೇನಸಾಬ ಬಾಜೂ ಓಣಿಯಾಂವ, ನಮಗೆಲ್ಲಾ ಹುಸೇನ ಕಾಕಾ. "ಉಳಿದ ಚೀಲ ಬರೂತನಕ ಹಲಗಿ ಮ್ಯಾಲೆ ಇಡ್ರಿ ಆಯೀ, ಹಸಿ ತಾಕಬಾರದು" ಅಂತ ಹೇಳಿ ಇಳಕಲ್ಲಿಗೆ ಬ್ಯಾರೆ ಕೆಲಸಕ್ಕ ಹೋದ. ಆದ್ರ ಆವಾಗ ಸಿಮೆಂಟಿಗೆ ಕಳ್ಳರ ಕಾಟ ಭಾಳ. ಮಾಳಿಗಿ ಇಲ್ಲದ ಮನ್ಯಾಗ ಇಡೂಹಂಗಿಲ್ಲ, ಬಾಡಗಿ ಮನ್ಯಾಗ ನಮಗೇ ಕಾಲು ಚಾಚಾಕ ಜಾಗಾ ಇಲ್ಲ. ಆಯಿ ತನಗ ಗೊತ್ತಿದ್ದದ್ದನ್ನ ಮಾಡಿದ್ಲು. ಹಗೇವಿಗೆ ಜ್ವಾಳದ ಕಣಿಕಿ ಹಾಸಿ, ಚೀಲ ಇಳಿಸಿ, ಬಾಯಿಗೆ ಹಾಸಗಲ್ಲು ಮುಚ್ಚಿ, ಕೆಸರು ಮೆತ್ತಿ, ಮ್ಯಾಲೆ ಸೆಗಣಿ ಸಾರಿಸಿದ್ಲು. ಹಗೇವಿನ್ಯಾಗ ಇಟ್ಟ ಜ್ವಾಳ ವರ್ಷಗಟ್ಟಲೆ ಹಂಗೇ ಇರೂದನ್ನ ನೋಡಿದಾಕಿ. "ನಾ ಇಟ್ಟದ್ದು ಇಟ್ಟಲ್ಲೇ ಇರತೈತಿ" ಅಂದ್ಲು. ಅದು ಆಕಿ ಯಾವಾಗೂ ಹೇಳೂ ಮಾತು. ಉಪ್ಪಿನಕಾಯಿ ಭರಣಿಗೂ ಅದೇ, ಬೀಗದ ಕೈಗೂ ಅದೇ.

ಆ ವರ್ಷ ಮಳಿ ಚೊಲೋ ಆತು, ಹೊಳಿ ತುಂಬಿ ಬಂತು. ಉಳಿದ ಸಿಮೆಂಟ್ ಮಾತ್ರ ಬರಲಿಲ್ಲ. ಇದ್ದದ್ದರಾಗ ಒಂದು ಖಣಕ್ಕರೆ ಸ್ಲ್ಯಾಬ್ ಹಾಕೂಣು ಅಂತ ಹುಸೇನ ಕಾಕಾನ ಕರಿಸಿ ಹಗೇವು ತೆರದ್ರು. ತೆರದ ಕೂಡಲೇ ಇಳಿಯೂಹಂಗಿಲ್ಲ, ಒಳಗಿನ ಕೆಟ್ಟ ಗಾಳಿ ಹೋಗಬೇಕು. ಹಗ್ಗಕ್ಕ ಕಂದೀಲು ಕಟ್ಟಿ ಬಿಟ್ರು, ಆರಲಿಲ್ಲ. ಹುಸೇನ ಕಾಕಾ ಇಳದ. ಸಿಮೆಂಟ್ ಒಳಗ ಇಟ್ಟದ್ದು ತಿಳಿದಾಗಿಂದ ಅವನ ಮಾರಿ ಸಣ್ಣಾಗಿತ್ತು. ಒಂದು ಚೀಲಕ್ಕ ಗಾರಿ ಮೆತ್ತೂ ಕರಣಿಯ ಹಿಡಿಕಿಲೆ ಬಡದ. ಟಣ್ ಅಂತು. ಇನ್ನೊಂದಕ್ಕ ಬಡದ, ಅದೂ ಟಣ್. "ಆಯೀ, ಹಸಿ ತಾಕಿ ಎಲ್ಲಾ ಕಲ್ಲಾಗೇತಿ" ಅಂದ, ಮೆಲ್ಲಕ. ಆಯಿ ಅಲ್ಲೇ ಕೆಸರಿನ್ಯಾಗ ಕುಂತುಬಿಟ್ಲು. ದಸರಾ ತಿಂಗಳೊಪ್ಪತ್ತಿನ್ಯಾಗ ಇತ್ತು, ನಾವು ಗಂಟುಮೂಟಿ ಕಟಗೊಂಡು ಎಲ್ಲಿಗೆ ಹೋಗಬೇಕು? ಆ ದಿನ ಆಯಿ ರೊಟ್ಟಿ ಮುಟ್ಟಲಿಲ್ಲ.

ಮರುದಿನ ಅಪ್ಪನ ಗುರ್ತಿನಾಂವ ಒಬ್ಬ ಬಂದ. ಪರ್ಮಿಟ್ ಇಲ್ಲದ ಸಿಮೆಂಟ್ ತಂದುಕೊಡತೇನಿ, ಯಾರಿಗೂ ಗೊತ್ತಾಗೂದಿಲ್ಲ ಅಂದ. ಅಪ್ಪನ ಮಾರಿ ಅರಳಿತು, ಖರೆ. ಆದ್ರ ಆಯಿ ಎದ್ದು ಬಂದ್ಲು. "ಕಳ್ಳ ಸಿಮೆಂಟಿನ ಕೆಳಗ ನನ್ನ ಮೊಮ್ಮಕ್ಕಳು ಮಲಗೂದಿಲ್ಲ. ನೀ ಚಾ ಕುಡದು ಹೋಗಪ್ಪ" ಅಂದವಳೇ ಹುಸೇನ ಕಾಕಾನ ಕಡೆ ತಿರುಗಿದ್ಲು. "ಹುಸೇನಾ, ಸಿಮೆಂಟ್ ಇಲ್ಲದ ಕಾಲಕ್ಕ ನಿಮ್ಮಪ್ಪ ಮಾಳಿಗಿಗೆ ಏನ್ ಹಾಕತಿದ್ದ?"

"ಸುಣ್ಣದ ಗಚ್ಚು, ಆಯೀ. ಆದ್ರ ನಾ ಸಣ್ಣಾಂವಿದ್ದಾಗ ನೋಡಿದ್ದು, ಕೈ ಮರತೈತಿ."

"ನಾ ತವರಿನ್ಯಾಗ ಬಡದೇನಿ, ನನ್ನ ಕೈ ಮರತಿಲ್ಲ. ನಡಿ."

ಏನ್ ಹೇಳಲಿ ಆ ದಿನಗಳ ಮಾತು! ತೊಲಿ ಮ್ಯಾಲೆ ಬಾದಾಮಿ ಕಡಿಯ ಕಲ್ಲಿನ ಪರಸಿ ಕುಂತ್ವು. ಗಾಣದಾಗ ಸುಣ್ಣ, ಉಸುಕು ಅರದು ಬೆಣ್ಣಿಯಂಗ ಮಾಡಿದ್ರು. ಬೆಲ್ಲದ ನೀರು ಎಷ್ಟು ಹಾಕಬೇಕು ಅಂತ ಆಯಿಗೂ ಕಾಕಾಗೂ ಜಗಳಾನೋ ಜಗಳ. ಇಬ್ಬರೂ ಹಾಕಿಬಿಟ್ರು, ಇಡೀ ಓಣಿಯ ಇರುವಿ ನಮ್ಮ ಮಾಳಿಗಿ ಏರಿದ್ವು. ಗಚ್ಚು ಆರೂತನಕ ಬಡದು ಬಡದು ಗಟ್ಟಿ ಮಾಡಬೇಕು, ಆಳು ಸಾಲಲಿಲ್ಲ. ಆಯಿ ಓಣಿಯೊಳಗ ನಿಂತು ಒಂದು ಸಲ ಕೂಗಿದ್ಲು, ಅಷ್ಟೇ. ಹೆಣಮಕ್ಕಳೆಲ್ಲಾ ಅರಿವಿ ಒಗಿಯೂ ಕೊಡತಿ ಹಿಡಕೊಂಡು ಬಂದ್ರು. ಕಾಕಾನ ಹೆಂಡತಿ ಜೈನಬೀ ಕಾಕೂ ಒಂದು ಸಾಲಿಗೆ, ನಮ್ಮವ್ವ ಇನ್ನೊಂದು ಸಾಲಿಗೆ, ನಡುವ ಆಯಿ ಸೋಬಾನ ಪದ ಎತ್ತಿಕೊಡಾಕಿ. ಹೊತ್ತು ಹುಟ್ಟಿ ಮುಣಗೂತನಾ ಕೊಡತಿ ಸಪ್ಪಳ. ನಾವು ಮಕ್ಕಳೂ ಬಡದ್ವಿ, ಅಂಗೈ ಬೊಬ್ಬಿ ಎದ್ದು ಕೆಂಪಗಾದ್ವು, ಸಾಲ್ಯಾಗ ಅದನ್ನ ಎಲ್ಲಾರಿಗೂ ತೋರಿಸಿ ಮೆರದೆ. ದಸರಾ ದಿನ ಹಾಲು ಉಕ್ಕಿಸಿದ್ವಿ. ಹುಸೇನ ಕಾಕಾ ಬಂದು "ಬನ್ನಿ ತಗೊಂಡು ಬಂಗಾರದಂಗ ಇರೂಣು ಆಯೀ" ಅಂತ ಬಾಗಿದಾಗ ಆಯಿ ಅವನ ತಲಿ ಮ್ಯಾಲೆ ಕೈ ಇಟ್ಟು ಅತ್ಲು. ಆಕಿ ಅತ್ತದ್ದನ್ನ ನಾ ನೋಡಿದ್ದು ಅದೊಂದೇ ಸಲ. ಆ ಮಾಳಿಗಿ ಒಂದು ಹನಿ ಸೋರಲಿಲ್ಲರಿ, ಕಡೀತನಾ.

ಕಲ್ಲಾದ ಚೀಲ ಹೊಳಿಗೆ ಒಗೀರಿ ಅಂದ್ರು ಮಂದಿ. ಆಯಿ ಬಿಡಲಿಲ್ಲ. ಹಗ್ಗ ಹಾಕಿ ಮ್ಯಾಲೆ ಎಳಿಸಿ ಬಾಗಲದ ಮುಂದ ಸಾಲಾಗಿ ಹೂಳಿಸಿ ಕಟ್ಟಿ ಮಾಡಿದ್ಲು. ಗೋಣಿ ಉದುರಿಹೋದ್ರೂ ಅದರ ನೇಯ್ಗಿ ಗುರುತು, ಬಾಯಿ ಹೊಲದ ಹೊಲಿಗಿ, ಎಲ್ಲಾ ಕಲ್ಲಿನ್ಯಾಗ ಮೂಡಿತ್ತು. ಹಾದು ಹೋಗಾವರು "ಚೀಲದ ಕಟ್ಟಿ" ಅಂತ ನಗತಿದ್ರು. ಆಯಿ ಅದರ ಮ್ಯಾಲೆ ಕುಂತು ಎಲಿ ಅಡಿಕಿ ಹಾಕೋತ, "ನಗ್ರಿ, ನಗ್ರಿ. ನೀವು ಒಂದು ಚೀಲಕ್ಕ ಕಚೇರಿ ಮುಂದ ಕುಂದರತೀರಿ, ನಾ ಹತ್ತು ಚೀಲದ ಮ್ಯಾಲೆ ಕುಂತೇನಿ" ಅಂತಿದ್ಲು. ಆಕಿ ಹೋದದ್ದೂ ಆ ಮನಿಯಿಂದನ. ಆಮ್ಯಾಲೆ ಡ್ಯಾಮಿನ ಹಿನ್ನೀರು ಬಂತು, ನಮ್ಮ ಓಣಿ ಖಾಲಿ ಆತು, ನಾವು ನವನಗರಕ್ಕ ಬಂದ್ವಿ. ಮಾಳಿಗಿ ಒಡಿಯಾಕ ಬಂದ ಆಳುಗಳು ಕಬ್ಬಿಣದ ಹಾರಿಲೆ ಹೊಡದು ಸೋತು, "ಯಾರ ಬಡದಾರ ಮಾರಾಯಾ ಈ ಗಚ್ಚು!" ಅಂತ ಬೈದ್ರು. ಆ ಬೈಗಳ ಕೇಳಿ ನನಗ ಹೊಟ್ಟಿ ತುಂಬಿತು. ಹುಸೇನ ಕಾಕಾ ಅದನ್ನ ಕೇಳಾಕ ಇರಲಿಲ್ಲ.

ಸಿಮೆಂಟ್ ವಾಸನಿ ಬಂದ ಆ ದಿನ ಮನಸ್ಸು ತಡೀಲಿಲ್ಲ, ಸಂಜೀಕ ಹಳೇ ಊರ ಕಡೆ ಹೋದೆ. ಬ್ಯಾಸಗಿ, ನೀರು ಹಿಂದ ಸರದಿತ್ತು. ಗ್ವಾಡಿ ಕರಗಿ ಮಣ್ಣಿಗೆ ಮಣ್ಣಾಗಿದ್ವು, ಯಾರ ಮನಿ ಎಲ್ಲಿತ್ತು ತಿಳಿಯೂಹಂಗಿಲ್ಲ. ಮೀನ ಹಿಡಿಯೂ ಹುಡುಗನೊಬ್ಬ ತನ್ನ ತೆಪ್ಪ ಹಗ್ಗಲೆ ಕಟ್ಟಾಕತ್ತಿದ್ದ. ಯಾವುದಕ್ಕ ಕಟ್ಟತಾನ ಅಂತ ನೋಡಿದೆ: ಸಾಲಾಗಿ ಹತ್ತು ಕಲ್ಲಚೀಲ, ನೇಯ್ಗಿ ಇನ್ನೂ ಕಾಣತಿತ್ತು.

"ಇದಕ್ಕ ಚೀಲದ ಕಟ್ಟಿ ಅಂತಾರ್ರಿ ಅಕ್ಕಾರ. ಯಾರು ಇಟ್ಟಾರೋ ಏನೋ, ಎಂಥಾ ನೀರು ಬಂದ್ರೂ ಅಳಗ್ಯಾಡೂದಿಲ್ಲ" ಅಂದ.

"ನಮ್ಮ ಆಯಿ ಇಟ್ಟಾಳಪ್ಪ" ಅಂದೆ. ಚಪ್ಪಲಿ ಕಳದು, ಸೆರಗು ಸೊಂಟಕ್ಕ ಸಿಗಿಸಿ, ಆಕಿ ಕುಂದರತಿದ್ದ ಚೀಲದ ಮ್ಯಾಲೇ ಕುಂತೆ. ಇಟ್ಟಲ್ಲೇ ಐತಿ, ಆಯೀ.