ಮಗ್ಗಕ್ಕೆ ಜಾಗವಿಲ್ಲದ ಮನೆ

ಪಿನ್ನಿ, ನಿನ್ನ ಹೊಸ ಮನೆಯಲ್ಲಿ ಮಗ್ಗದ ಗುಂಡಿ ಇಲ್ಲದಿರುವುದಕ್ಕೆ ಕಾರಣ ಎಂಜಿನಿಯರ್ ಅಲ್ಲ, ನಾನು. ಅವರು ಕೇಳಿದ್ದರು. ಬೇಡವೆಂದವಳು ನಾನು — ನಿಮ್ಮೆಲ್ಲರ ಹೆಸರಿನಲ್ಲಿ.

ಮೊಳಕಾಲ್ಮೂರಿನ ನಮ್ಮ ಬೀದಿಯ ಹಳೆಯ ಮನೆಗಳನ್ನು ಕೆಡವಿ ಹೊಸದಾಗಿ ಕಟ್ಟುವ ಮಾತು ಬಂದಾಗ, ಎಂ.ಎ. ಓದಿದವಳೆಂದು ಸಭೆಯಲ್ಲಿ ಮಾತಾಡಲು ನಿನ್ನ ಅಕ್ಕನ ಮಗಳಾದ ನನ್ನನ್ನೇ ಎಲ್ಲರೂ ಮುಂದೆ ತಳ್ಳಿದಿರಿ. ಹಿಂದಿನ ದಿನ ನೀನು ಗುಂಡಿಯಲ್ಲಿ ಕಾಲಿಳಿಸಿ ನೇಯುತ್ತಲೇ ಹೇಳಿದ್ದೆ: "ಮನೆ ಎಷ್ಟಾರ ಸಣ್ಣದಿರ್ಲಿ ಕಣೇ, ಮಗ್ಗಕ್ಕೆ ಜಾಗ ಬಿಡ್ಸು. ಕುಂತಲ್ಲಿಂದ ಒಲೆನೂ ಕಾಣ್ಬೇಕು, ನಮ್ಮತ್ತೆನೂ ಕಾಣ್ಬೇಕು."

ಹಾಸಿಗೆ ಹಿಡಿದಿದ್ದ ನಿನ್ನತ್ತೆ ಮಲಗಿದಲ್ಲಿಂದಲೇ, "ನನ್ನೇನ್ ಕಾಯ್ತೀಯೇ, ಓಡಿ ಹೋಗ್ತೀನಾ ನಾನು?" ಎಂದು ನಗಿಸಿದ್ದರು. ಅವರನ್ನು ಬಿಟ್ಟು ನೀನು ಸಭೆಗೆ ಬರಲಾಗಲಿಲ್ಲ.

"ನಡುಮನೇಲಿ ಮಗ್ಗಕ್ಕೆ ಗುಂಡಿ ಬಿಡ್ಬೇಕೇನಮ್ಮ?" ಎಂದು ಎಂಜಿನಿಯರ್ ಕೇಳಿದರು.

"ಬೇಡ ಸರ್. ಹೆಂಗಸರೆಲ್ಲ ಬೇಡ ಅಂತಾರೆ. ಬೀದಿ ಕೊನೇಲಿ ಎಲ್ಲರಿಗೂ ಸೇರಿ ಒಂದು ಶೆಡ್ ಆದ್ರೆ ಸಾಕು."

"ಹೆಂಗಸರೆಲ್ಲ" ಎಂದೆನೋ, "ತುಂಬಾ ಜನ" ಎಂದೆನೋ — ನೆನಪು ಈಗ ಎರಡನೆಯದನ್ನೇ ಮುಂದೊಡ್ಡುತ್ತದೆ. ನಂಬುವುದಿಲ್ಲ, ಅದು ನನಗೆ ಅನುಕೂಲವಾದ ನೆನಪು. ಒಬ್ಬ ಹೆಂಗಸನ್ನೂ ನಾನು ಕೇಳಿರಲಿಲ್ಲ. ಕಾಲೇಜಿನ ಗೆಳತಿಯರು ನಮ್ಮ ಮನೆಗೆ ಬಂದರೆ ಮಗ್ಗವನ್ನು ಸುತ್ತಿ ಬಂದು, ಗೋಡೆಗೆ ಅಂಟಿ ಕೂರಬೇಕಿತ್ತು. ಕುರ್ಚಿ ಹಾಕುವಂಥ ನಡುಮನೆಯೊಂದು ನನಗೆ ಬೇಕಿತ್ತು. ಅಷ್ಟೇ. ಗಾಳಿ, ಬೆಳಕು, ಆರೋಗ್ಯ ಎಂದು ಹೇಳಿಕೊಂಡದ್ದೆಲ್ಲ ಆಮೇಲಿನದು.

ಹೊಸ ಮನೆಗೆ ಬಂದ ದಿನ ಟೈಲ್ಸ್ ನೆಲ ನೋಡಿ ನೀನು, "ಮುಖ ಕಾಣ್ತೈತಲ್ಲೇ! ಮುಖ ನೋಡ್ಕಂಡ್ ಕುಂತ್ರೆ ಸೀರೆ ಆಗ್ತೈತಾ?" ಎಂದೆ. ಎಲ್ಲರೂ ನಕ್ಕರು. ನಾನೂ.

ಅತ್ತೆಯನ್ನು ಬಿಟ್ಟು ಶೆಡ್ಡಿಗೆ ಹೋಗಲಾರದೆ ನೀನು ನೇಯುವುದನ್ನೇ ಬಿಟ್ಟೆ. ರೇಷ್ಮೆ ಸೀರೆ ನೇಯುತ್ತಿದ್ದವಳು ಈಗ ಬೇರೆಯವರ ಮಗ್ಗಗಳಿಗೆ ನೂಲು ಸುತ್ತಿಕೊಡುತ್ತೀ. ಆ ಕೂಲಿ ಔಷಧಿಗೂ ಸಾಲದು. ನೀನು ಎಂಜಿನಿಯರನ್ನು ಬೈದಾಗಲೆಲ್ಲ ನಾನು ತಲೆಯಾಡಿಸಿದ್ದೇನೆ — ಹೌದು ಪಿನ್ನಿ, ಅವರಿಗೇನು ಗೊತ್ತು ಎಂದು...

ನಾಳೆ ನಮ್ಮ ಹಿಂಬದಿಯ ಬೀದಿಯ ಮನೆಗಳಿಗಾಗಿ ಸಭೆ. ಮತ್ತೆ ನನ್ನನ್ನೇ ಕರೆದರು. ಬರುವುದಿಲ್ಲವೆಂದೆ, ಅಂದು ನಾನು ಹೇಳಿದ್ದು ಸುಳ್ಳೆಂದು ಎಂಜಿನಿಯರಿಗೆ ತಿಳಿಸಿದೆ. ಬೆಳಿಗ್ಗೆ ಇದನ್ನೆಲ್ಲ ನಿನ್ನೆದುರು ನಿಂತು ಹೇಳುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ನೀನು ಸಭೆಗೆ ಹೋಗು, ಅದೇ ಎಂಜಿನಿಯರ್ ಅಲ್ಲಿರುತ್ತಾರೆ. ನನ್ನ ಮನೆಯ ಟೈಲ್ಸ್ ಒಡೆದು ಗುಂಡಿ ತೆಗೆಸಿಕೊಡಿ ಎಂದು ನಿನ್ನ ಬಾಯಿಂದಲೇ ಕೇಳು. ನೀನು ಬರುವವರೆಗೆ ಅತ್ತೆಯ ಪಕ್ಕ ನಾನು ಕೂತಿರುತ್ತೇನೆ.