ಹುಣಸೆಹಣ್ಣು ಹಚ್ಚಿ ತೊಳೆದ ರೂಪಾಯಿ

ನಾಣ್ಯ ತೊಳೆದುಕೊಂಡು ಬಂದವರನ್ನು ಕಂಡರೆ ಗೌಸಿಯಾಬೇಗಂಗೆ ಮೈಯೆಲ್ಲ ಉರಿ. ಆಳಂದದ ಬಜಾರಿನಲ್ಲಿ ಹಳೆ ಬೆಳ್ಳಿ ನಾಣ್ಯಗಳ ದರ್ಜೆ ಹೇಳುವ ಅಂಗಡಿ ಅವಳದು. ಗಂಡ ಯಾಕೂಬಸಾಬ ತೀರಿಕೊಂಡಾಗ ಮೈದುನರು, "ಹೆಂಗಸಿಗೆ ಇದೆಲ್ಲ ಏನು ತಿಳೀತದ?" ಅಂದಿದ್ದರು. ಅವರ ಕಣ್ಣೆದುರೇ ಬೀಗ ತೆಗೆದು ಗಾದಿಯ ಮೇಲೆ ಕೂತ ಗಟ್ಟಿಗಿತ್ತಿ. ಬಾಯಿ ಖಾರ, ಮಾತು ಕಡ್ಡಿ ಮುರಿದಂತೆ. ಅಂಥವಳೂ ಆವತ್ತು ಬೆವೆತುಬಿಟ್ಟಳು.

ಬಂದವರು ಅಫಜಲಪುರ ಕಡೆಯ ದೌಲತರಾಯ, ಅವನ ಹೆಂಡತಿ ಸುಮಿತ್ರಾಬಾಯಿ, ಸೊಸೆ ಸಪ್ನಾ. ಸೊಸೆಯ ಕಣ್ಣು ಅತ್ತು ಅತ್ತು ಬಾತಿದ್ದವು. ಸುಮಿತ್ರಾಬಾಯಿ ತೊಳೆದು ಬೆಳ್ಳಗಾದ ಚಾರ್‌ಮಿನಾರ್ ರೂಪಾಯಿಯನ್ನು ಮುಂದಿಟ್ಟಳು.

"ನಮ್ಮತ್ತಿ ಕೊಟ್ಟಿದ್ದು ನೋಡ್ರಿ ಆಪಾ. ಸಂತಿ ಕಂಡಿಲ್ಲ, ಪ್ಯಾಟಿ ಕಂಡಿಲ್ಲ. ದೇವರ ಜಗಲಿ ಮ್ಯಾಲೆ ಅರಿಶಿಣ ಕುಂಕುಮ ಮೆತ್ತಿಕೊಂಡೇ ಇತ್ತು. ಮಗಳ ಕೂಸಿನ ತೊಟ್ಟಿಲದಾಗ ಇಡಬೇಕಂತ ಹುಣಸಿಹಣ್ಣು ಹಚ್ಚಿ ತೊಳದೆ. ಚಾರ್‌ಮಿನಾರಿನ ನಡುವಿನ ಬಾಗಿಲಾನೇ ಇಲ್ಲ! ಹತ್ತು ಮಂದಿ ಕೈಯಾಗ ಸವೆದ ರೂಪಾಯಿ ಇದು. ನಮ್ದು ಬದಲಿ ಆಗ್ಯದ. ದೇವರ ಕೋಣಿ ಕೀಲಿ ಇಕಿ ಹಂತ್ಯಾಕೇ ಇರ್ತದ."

"ನಾ ಮುಟ್ಟಿಲ್ರಿ," ಅಂದಳು ಸಪ್ನಾ.

ದೌಲತರಾಯ ನೆಲ ನೋಡುತ್ತ ಹೇಳಿದ: "ಸವೆದದ್ದು ಅಂತ ನೀವು ಅಂದ್ರ ಸೀದಾ ಭೂಸನೂರಿಗೆ, ಇಕಿ ತೌರಮನಿಗೆ ಬಿಟ್ಟು ಹೋಗ್ತೇವ್ರಿ. ಬ್ಯಾಗ್ ಗಾಡ್ಯಾಗೇ ಅದ."

ಮೊದಲ ನೋಟಕ್ಕೆ ಗೌಸಿಯಾಗೂ ಅದು ಸವೆದದ್ದೇ ಅನ್ನಿಸಿತು. ಮಾತು ನಾಲಿಗೆ ತುದಿಗೆ ಬಂದಿತ್ತು, ಹುಡುಗಿಯ ಮುಖ ನೋಡಿ ನುಂಗಿಕೊಂಡಳು. ಸವೆದಿದ್ದರೆ ಉಬ್ಬಿದ ಜಾಗವೆಲ್ಲ ಮಂಕಾಗಿರಬೇಕು. ಟಂಕಸಾಲೆಯಲ್ಲೇ ಅಚ್ಚು ಅರೆಬರೆ ಬಿದ್ದಿದ್ದರೆ ಆ ಚಪ್ಪಟೆ ಜಾಗದ ಮೇಲೂ ಹೊಸ ಬೆಳ್ಳಿಯ ಮಿರುಗು ಹರಿದಾಡಬೇಕು. ದೀಪದಡಿ ಓರೆ ಹಿಡಿದಳು. ಎಲ್ಲಿಯ ಮಿರುಗು! ಹುಣಸೆಹುಳಿ ತಿಂದು ಎಲ್ಲ ಕಡೆ ಒಂದೇ ಸತ್ತ ಬಿಳುಪು.

"ಯಾ ಅಲ್ಲಾ! ಸಾಕ್ಷಿ ಹೇಳೋದನ್ನೇ ತಿಕ್ಕಿ ತೊಳದು ತಂದೀರಲ್ಲ, ಬಾಯಾರ!"

ತಪ್ಪು ಹೇಳಿದರೆ ಒಂದು ಹೆಣ್ಣಿನ ಬಾಳೇ ಹಾಳು. ಗಾಬರಿಯಾದಾಗ ನಡು ಬಿಟ್ಟು ಅಂಚು ನೋಡಬೇಕು ಅನ್ನುತ್ತಿದ್ದ ಯಾಕೂಬಸಾಬ. ಭೂತಗನ್ನಡಿ ಹಿಡಿದಳು. ಅಂಚು ಎದ್ದು ನಿಂತಿತ್ತು. ಸುತ್ತಲಿನ ಅಕ್ಷರ, ಮಿನಾರಗಳ ತುದಿ ಎಲ್ಲ ಚೂಪಾಗಿದ್ದವು. ಮಗುಚಿದಳು. ಬಾಗಿಲ ಬೆನ್ನಿಗೆ ಸರಿಯಾಗಿ ಆ ಕಡೆಯ ಅಕ್ಷರಗಳೂ ಚಪ್ಪಟೆ. ಆಗ ಅವಳಿಗೆ ಉಸಿರು ಬಂತು.

"ಬಾಯಾರ, ಅಂಚಿಗೆ ಉಗುರು ಹಚ್ಚಿ ನೋಡ್ರಿ. ಕೈಯಾಡಿದ ರೂಪಾಯಿ ಅಂಚಿನಾಗೂ ಸವೀತದ, ನಡುವ ಅಷ್ಟ ಅಲ್ಲ. ಇದು ಸವೆದಿಲ್ಲ. ಟಂಕಸಾಲ್ಯಾಗ ಅಚ್ಚು ನಡುವ ಗಟ್ಟಿ ಕುಂತಿಲ್ಲ, ಅದಕ್ಕ ಎರಡೂ ಕಡೆ ಅದೇ ಜಾಗ ಚಪ್ಪಟಿ. ಆ ಬಾಗಿಲಾ ಹುಟ್ಟೇ ಇಲ್ಲ."

"ಅಂದ್ರ ಇದು ನಮ್ದೇ ಏನ್ರಿ?"

"ಅದನ್ನ ನಾ ಹೆಂಗ ಹೇಳ್ಲಿ? ಸವೆದದ ಅಂತ ಸೊಸಿ ಮ್ಯಾಲೆ ಹಾಕಿದ್ರಿ, ಸವೆದಿಲ್ಲ ಅಂತ ಹೇಳಾಕತ್ತೇನಿ. ಅಲ್ರೀ, ಕುಂಕುಮದ ಕೆಳಗ ಇದರ ಮಾರಿ ಹೆಂಗದ ಅಂತ ನೀವು ಎಂದರ ನೋಡಿದ್ರೇನು?"

ಸುಮಿತ್ರಾಬಾಯಿ ಎಂದಾದರೂ ನೋಡಿದ್ದರೆ ತಾನೇ! ಕಡೆಗೆ ರೂಪಾಯಿಯನ್ನು ಸೆರಗಿಗೆ ಕಟ್ಟಿಕೊಂಡು, "ನಡಿಯವ್ವಾ, ನಂದೇ ತಪ್ಪಾತು. ಮನಿಗಿ ಹೋಗೂಣು," ಅಂದಳು.

ಸಪ್ನಾ ಸೊಂಟದಿಂದ ಕೀಲಿಗೊಂಚಲು ಬಿಚ್ಚಿ ಅತ್ತೆಯ ಕೈಗಿಟ್ಟಳು. ಹೊರಗೆ ಹೋಗಿ ಗಾಡಿಯಿಂದ ಬ್ಯಾಗನ್ನು ತಾನೇ ಇಳಿಸಿಕೊಂಡು ಬಂದಳು.

"ಆಪಾ, ಭೂಸನೂರ ಬಸ್ಸು ಎಲ್ಲಿ ನಿಂದರ್ತದ್ರಿ?"

ಗೌಸಿಯಾ ಗಾದಿಯಿಂದ ಇಳಿದು, ಚಪ್ಪಲಿ ಮೆಟ್ಟಿ, ಬ್ಯಾಗಿನ ಒಂದು ಹಿಡಿಕೆಯನ್ನು ತಾನು ಹಿಡಿದಳು.