ಚೀಸ್ ತುಂಡು ಕೊಡದ ಬಸಲಿಂಗಯ್ಯ

ಗಾಂಧಿ ಚೌಕದಲ್ಲಿ ಹಾಲು, ಬೆಣ್ಣೆ ಮಾರುವ ಬಸಲಿಂಗಯ್ಯನವರ ಹತ್ತಿರ ಗಟ್ಟಿ ಚೀಸ್ ಕೇಳಿದರೆ ಮೊದಲು ಸಿಗುವುದು ಪ್ರಶ್ನೆ: ‘ಕೂಸಿಗೇನ್ರಿ? ಎಷ್ಟು ತಿಂಗಳದ್ದೈತಿ?’ ಆರು ತುಂಬಿರದಿದ್ದರೆ ಚೀಸ್ ಫ್ರಿಜ್ಜಿನಿಂದ ಹೊರಗೇ ಬರುವುದಿಲ್ಲ. ತುಂಬಿದ್ದರೂ ತುಂಡು ಕೊಡುವುದಿಲ್ಲ. ಸಣ್ಣಗೆ ತುರಿದು ಕೊಟ್ಟು, ‘ಮೊದಲ ಒಂದು ಚಿಟಿಕಿ ಮೆತ್ತನ್ನ ಅನ್ನದಾಗ ಕಲಸ್ರಿ, ಮೈಮ್ಯಾಲೆ ದದ್ದು ಏಳತಾವೇನು ನೋಡ್ರಿ’ ಎನ್ನುತ್ತಾರೆ. ಹಲ್ಲು ಬರುವ ಕೂಸಿನ ಕೈಗೆ ಒಣಕೊಬ್ಬರಿ ಕೊಡುವಂತೆ ಚೀಸ್ ತುಂಡು ಕೊಡಲೆಂದು ಬಂದಿದ್ದ ತಿಕೋಟಾದ ಅಜ್ಜಿ ಶಂಕ್ರೆವ್ವ, ‘ಅಂಗಡಿ ನಡಸ್ತೀರೋ, ದವಾಖಾನಿ ನಡಸ್ತೀರೋ ಯಪ್ಪಾ?’ ಎಂದು ಛೇಡಿಸಿದರು. ಬಸಲಿಂಗಯ್ಯ ತುರಿಯುವುದನ್ನು ನಿಲ್ಲಿಸಲಿಲ್ಲ. ‘ಮೊಮ್ಮಗಳಿಗೆ ಕೊಬ್ಬರಿ ತುಂಡು ನಾನೇ ಕೊಟ್ಟಿದ್ದೆ ಯವ್ವಾ. ಗಂಟಲದಾಗ ಸಿಕ್ಕೊಂಡು ಮುಖ ನೀಲಿ ಆಗಿತ್ತು. ಆಕಿ ಉಳಿದ್ಲು. ಆದ್ರ ಅವತ್ತಿನಿಂದ ಆಕಿಗೆ ನನ್ನ ಕೈಯಾರ ಒಂದು ತುತ್ತೂ ತಿನ್ನಿಸಿಲ್ಲ.’